ವಿಂಡೋಸ್ 10 ನಿಂತ ಮೇಲೆ: ಪ್ರೆಸ್ಸಿನ ಕೆಲಸಕ್ಕೆ ಲಿನಕ್ಸ್ ಮಿಂಟ್ ಸಾಕಾಗುತ್ತಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್ಡೇಟ್ ನಿಂತಿತು. ನಮ್ಮದು ಸಣ್ಣ ಡಿಟಿಪಿ ಮತ್ತು ಆಫ್‌ಸೆಟ್ ಪ್ರೆಸ್. ಮದುವೆ ಪತ್ರಿಕೆ, ಬಿಲ್ ಬುಕ್, ಪಾಂಪ್ಲೆಟ್, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ನಮ್ಮ ಹೊಟ್ಟೆಪಾಡು. ಇರುವ ಮೂರೂ ಸಿಸ್ಟಂ ವಿಂಡೋಸ್ 10ರಲ್ಲೇ ಇದ್ದವು.

ಮುಂದಿನ ಟೇಬಲ್ ಸಿಸ್ಟಂ: ಐ5, 4ನೇ ಜನರೇಶನ್, 8 ಜಿಬಿ ರ‍್ಯಾಮ್, ಹಳೇ 500 ಜಿಬಿ ಹಾರ್ಡ್ ಡಿಸ್ಕ್. ಟೈಪಿಂಗ್, ಸ್ಕ್ಯಾನ್, ಗಿರಾಕಿಗಳ ಮೇಲ್, ವಾಟ್ಸಾಪ್ ಎಲ್ಲ ಇದರಲ್ಲೇ.

ಲೇಔಟ್ ಸಿಸ್ಟಂ: ಐ5, 7ನೇ ಜನರೇಶನ್. ವಿಂಡೋಸ್ 10ರ 32 ಬಿಟ್ ಆವೃತ್ತಿ. ಪುಟ ಕಟ್ಟುವ ಪೇಜ್‌ಮೇಕರ್ 7, ಡಿಸೈನಿನ ಕೋರೆಲ್‌ಡ್ರಾ, ಕನ್ನಡ ಟೈಪಿಂಗಿನ ನುಡಿ ಇದರಲ್ಲಿವೆ.

ಲೆಕ್ಕದ ಸಿಸ್ಟಂ: ಐ3, 8ನೇ ಜನರೇಶನ್. ಟ್ಯಾಲಿ, ಜಿಎಸ್‌ಟಿ, ಟೆಂಡರಿಗೆ ಬೇಕಾದ ಡಿಜಿಟಲ್ ಸಿಗ್ನೇಚರ್ ಟೋಕನ್.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಇಂಟೆಲ್‌ನಲ್ಲಾದರೆ 8ನೇ ಜನರೇಶನ್‌ನಿಂದ ಮೇಲಿನದ್ದು ಬೇಕು, 7ರಲ್ಲಿ ಎಲ್ಲೋ ಒಂದೆರಡು ಮಾತ್ರ ಪಟ್ಟಿಯಲ್ಲಿವೆ. ಅಂದರೆ ನಮ್ಮ ಮೂರರಲ್ಲಿ ಲೆಕ್ಕದ ಸಿಸ್ಟಂ ಒಂದೇ ಪಾಸ್. ಬೂಟ್ ಪೆನ್‌ಡ್ರೈವ್ ಮಾಡುವ ರೂಫಸ್ ಪ್ರೋಗ್ರಾಂ ಬಳಸಿ ಈ ತಪಾಸಣೆ ತಪ್ಪಿಸಿ ಹಾಕಬಹುದು, ಸುಮಾರು ಜನ ಹಾಕಿಕೊಂಡಿದ್ದಾರೆ. ಆದರೆ ಅಂಥ ಸಿಸ್ಟಂಗಳಿಗೆ ಅಪ್ಡೇಟ್ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಮನೆ ಕಂಪ್ಯೂಟರ್ ಆದರೆ ಹಾಕುತ್ತಿದ್ದೆ. ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ಪತ್ರಿಕೆ ಪ್ರಿಂಟ್ ಆಗಬೇಕಾದ ಕಡೆ ಅದು ಬೇಡ ಅನ್ನಿಸಿತು.

ಹಾಗಾಗಿ ವಿಂಡೋಸ್ ಬದಲು ಹಾಕಬಹುದಾದ ಆಪರೇಟಿಂಗ್ ಸಿಸ್ಟಂ, ಲಿನಕ್ಸ್ ಮಿಂಟ್ 22.2 ನೋಡಿದೆ. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಸೆಕ್ಯುರಿಟಿ ಅಪ್ಡೇಟ್ ಇದೆ. ದುಡ್ಡು ಕೊಡಬೇಕಾಗಿಲ್ಲ. ಅದು ಚೆನ್ನಾಗಿದೆಯಾ ಅನ್ನುವುದು ನನಗೆ ಮುಖ್ಯ ಆಗಿರಲಿಲ್ಲ. ನಮ್ಮ ಒಂದು ಪೂರ್ತಿ ಜಾಬ್ ಅದರಲ್ಲಿ ಆರ್ಡರ್‌ನಿಂದ ಪ್ಲೇಟ್‌ವರೆಗೆ (ಆಫ್‌ಸೆಟ್ ಮಿಷನ್‌ಗೆ ಹಾಕುವ ಅಚ್ಚಿನ ತಗಡು) ಹೋಗುತ್ತಾ ಅನ್ನುವುದಷ್ಟೇ ಬೇಕಿತ್ತು.

1. ಮೊದಲು ಹಾಳೆಯ ಮೇಲೆ

ಪೆನ್‌ಡ್ರೈವ್ ಮುಟ್ಟುವ ಮೊದಲೇ ಪರೀಕ್ಷೆ ಏನು ಅಂತ ಬರೆದಿಟ್ಟುಕೊಂಡೆ. ಇನ್‌ಸ್ಟಾಲ್ ಆದ ಮೇಲೆ ಬರೆದರೆ ಮನಸ್ಸು ಅದರ ಕಡೆಗೇ ವಾಲುತ್ತೆ, ಆಗದೇ ಇದ್ದದ್ದನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತೇವೆ.

ಪಟ್ಟಿಯಲ್ಲಿ ಇದ್ದದ್ದು: ನುಡಿ ಕೀಲಿಮಣೆಯಲ್ಲಿ ಈಗಿನ ವೇಗದಲ್ಲೇ ಟೈಪ್ ಆಗಬೇಕು. ಹಳೇ ಪೇಜ್‌ಮೇಕರ್ ಫೈಲ್ ತೆರೆಯಬೇಕು, ತಿದ್ದಲು ಬರಬೇಕು. ಒಂದು ಸಂಘದ ವಾರ್ಷಿಕ ವರದಿ, ಎ4 ಸೈಜಿನ 16 ಪುಟ, ಸುತ್ತ 3 ಮಿ.ಮೀ. ಬ್ಲೀಡ್ (ಕೊನೆಗೆ ಕತ್ತರಿಸಿ ಹೋಗುವ ಅಂಚು), ಪ್ಲೇಟ್ ಮಾಡುವವರು ಒಪ್ಪುವ ಪಿಡಿಎಫ್ ಆಗಬೇಕು. ಇರುವ ಪ್ರಿಂಟರ್, ಸ್ಕ್ಯಾನರ್ ಓಡಬೇಕು. ಅಪ್ಡೇಟ್ ಕೆಟ್ಟರೆ ಅದೇ ದಿನ ಹಿಂದಕ್ಕೆ ಬರಲು ದಾರಿ ಇರಬೇಕು.

ವಾರ್ಷಿಕ ವರದಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅದರಲ್ಲಿ ಉದ್ದದ ಕನ್ನಡ, ಅಂಕಿಗಳ ಟೇಬಲ್, ನಿರ್ದೇಶಕರ ಫೋಟೋ, ನಡುನಡುವೆ ಇಂಗ್ಲಿಷ್ ಎಲ್ಲ ಇರುತ್ತೆ. ಮದುವೆ ಪತ್ರಿಕೆ ಒಂದೇ ಇಟ್ಟುಕೊಂಡು ನೋಡಿದ್ದರೆ ಎಲ್ಲವೂ ಪಾಸ್ ಆಗಿಬಿಡುತ್ತಿತ್ತು.

2. ಇನ್‌ಸ್ಟಾಲ್ ಮಾಡದೇ ಒಂದು ಸುತ್ತು

16 ಜಿಬಿ ಪೆನ್‌ಡ್ರೈವ್, ರೂ. 350. ಮಿಂಟ್ ಫೈಲ್ ಸುಮಾರು 3 ಜಿಬಿ. ಡೌನ್‌ಲೋಡ್ ಸರಿಯಾಗಿದೆಯಾ ಅಂತ ಚೆಕ್‌ಸಮ್ (ಫೈಲಿನ ತಾಳೆ ಸಂಖ್ಯೆ) ನೋಡಿ ಪೆನ್‌ಡ್ರೈವ್‌ಗೆ ಬರೆದೆ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ ನೋಡಬಹುದು. ಪರೀಕ್ಷೆಗೆ ಮುಂದಿನ ಟೇಬಲ್ ಸಿಸ್ಟಂ ಆರಿಸಿದೆ.

ನೆಟ್‌ವರ್ಕ್, ಸೌಂಡ್, ಮಾನಿಟರ್ ಎಲ್ಲ ತಾನಾಗಿಯೇ ಬಂತು. ಫ್ಲಾಟ್‌ಬೆಡ್ ಸ್ಕ್ಯಾನರ್ ಯಾವ ಡ್ರೈವರ್ ಹಾಕದೇ ಓಡಿತು. ವಿಂಡೋಸ್‌ನಲ್ಲಿ ಅದಕ್ಕೆ ಸಿಡಿ ಹುಡುಕುತ್ತಿದ್ದೆವು!

ಲೇಸರ್ ಪ್ರಿಂಟರ್ ಮಾತ್ರ ಫೇಲ್. ಹಳೇ ಸಿಂಗಲ್ ಫಂಕ್ಷನ್ ಪ್ರಿಂಟರ್, ಪ್ರೂಫ್ ಎಲ್ಲ ಅದರಲ್ಲೇ. ಇಂಥ ಅಗ್ಗದ ಪ್ರಿಂಟರ್‌ಗಳಿಗೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಪ್ರಿಂಟರ್ ಭಾಷೆಗಳು ಅರ್ಥ ಆಗಲ್ಲ. ಪುಟದ ಚಿತ್ರ ತಯಾರು ಮಾಡುವ ಕೆಲಸವನ್ನು ಕಂಪ್ಯೂಟರ್ ಮೇಲೆ ಹಾಕುತ್ತವೆ. ಆ ಕಂಪನಿಯದ್ದೇ ಡ್ರೈವರ್ ಬೇಕು. ಲಿನಕ್ಸ್‌ಗೆ ಒಂದು ಡ್ರೈವರ್ ಇತ್ತು, ತುಂಬ ಹಳೇದು. ಹಾಕಿದೆ. ಒಂದು ಪುಟ ಬಂತು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸತ್ತಂತೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ ಇದು ನಡೆಯಲ್ಲ. ಅಲ್ಲಿಗೆ ಬಿಟ್ಟೆ, ಪಟ್ಟಿಯಲ್ಲಿ ಕೆಂಪು ಇಂಕಿನಲ್ಲಿ ಬರೆದೆ.

3. ಇನ್‌ಸ್ಟಾಲ್

240 ಜಿಬಿ ಎಸ್‌ಎಸ್‌ಡಿ, ರೂ. 1,700. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಟ್ಟೆ. ಅದೇ ನಮ್ಮ ಹಿಂದಿರುಗುವ ದಾರಿ. ಒಂದೇ ಡಿಸ್ಕ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡಲು ಹೋಗಲಿಲ್ಲ. ಎರಡೂ ಇದ್ದರೆ ಸ್ವಲ್ಪ ಕಷ್ಟ ಆದ ಕೂಡಲೇ ವಿಂಡೋಸ್‌ಗೆ ಹೋಗಿಬಿಡ್ತೀವಿ, ಪರೀಕ್ಷೆ ಮುಗಿಯೋದೇ ಇಲ್ಲ. ಉಳಿದದ್ದರಲ್ಲಿ ಹೇಳುವಂಥದ್ದೇನಿಲ್ಲ, ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಆಯಿತು.

4. ಟೈಪಿಂಗ್

ನಮ್ಮ ಟೈಪಿಂಗ್ ಅಕ್ಕ ಅಪ್ಪನ ಕಾಲದಿಂದ ಇದ್ದಾರೆ. ಕೀಬೋರ್ಡ್ ನೋಡದೇ ಬಡಿಯುತ್ತಾರೆ. ಶುರುವಿನಲ್ಲೇ ಹೇಳಿದರು: "ನೋಡಪ್ಪ, ಕೀಬೋರ್ಡ್ ಅದೇ ಇದ್ರೆ ಮಿಕ್ಕಿದ್ದು ಏನಾದ್ರೂ ಮಾಡ್ಕೋ. ಬೆರಳಿಗೆ ಹೊಸದು ಕಲಿಸೋಕೆ ನನ್ನಿಂದ ಆಗಲ್ಲ."

ನುಡಿಯ ಕೀಲಿಮಣೆ ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ. ಮಿಂಟ್‌ನಲ್ಲಿ ಇದು ಎರಡು ಕಡೆ ಸಿಗುತ್ತೆ, ಇಲ್ಲೇ ಜನ ಎಡವುವುದು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕನ್ನಡ, ಕಗಪ' ಅಂತ ಒಂದಿದೆ. ಅದನ್ನು ಹಾಕಿದ ಕೂಡಲೇ ಅಕ್ಕ ಸಿಟ್ಟಾದರು. ಅದು ಒಂದು ಕೀಗೆ ಒಂದು ಅಕ್ಷರ ಕೊಡುವ ಸರಳ ಏರ್ಪಾಡು, ಹಿಂದೆ ಏನಿದೆ ಅಂತ ನೋಡಲ್ಲ. ಸ್ವರ ಬೇಕಾ, ಅದರ ಗುಣಿತ ಬೇಕಾ ಅನ್ನುವುದನ್ನು ನಾವೇ ಬೇರೆ ಕೀ ಒತ್ತಿ ಹೇಳಬೇಕು. ನುಡಿ ಹಾಗಲ್ಲ. ವ್ಯಂಜನದ ಮುಂದೆ ಒತ್ತಿದರೆ ಗುಣಿತ, ಪದದ ಶುರುವಿನಲ್ಲಿ ಒತ್ತಿದರೆ ಸ್ವರ.

ಆ ಜಾಣತನ ಬೇಕಾದರೆ ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಕೆಜಿಪಿ ಆರಿಸಬೇಕು. ಹಾಕಿ, ಲಾಗೌಟ್ ಆಗಿ ಬಂದೆ. ಕೆ, ಎಫ್, ಕೆ ಒತ್ತಿದರು. 'ಕ್ಕ' ಬಂತು. ಅಕ್ಕ ಏನೂ ಅನ್ನದೆ ಒಂದು ಪುಟ ಹೊಡೆದು ಮುಗಿಸಿದರು. ಪಾಸ್.

ಕಿರಿಕಿರಿ ಇದ್ದದ್ದು ಒಂದೇ, ರಕಾರದ ಮುಂದೆ ಯ ಒತ್ತು. 'ರ‍್ಯಾಂಕ್' ಅಂತ ಬರಬೇಕಾದ ಕಡೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತೆ. ಯೂನಿಕೋಡ್‌ನಲ್ಲಿ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಬಿದ್ದರೆ ಮಾತ್ರ ಸರಿ ಬರುವುದು. ಶಾಲೆಗಳ ಪಾಂಪ್ಲೆಟ್‌ನಲ್ಲಿ ರ‍್ಯಾಂಕ್, ರ‍್ಯಾಲಿ ಬರದೇ ಇರುತ್ತಾ? ಅಂಥ ಪದಗಳನ್ನು ಒಂದು ಸಲ ಸರಿಯಾಗಿ ಬರೆದು ಎಂಎಸ್ ಆಫೀಸ್ ಥರದ ಲಿಬ್ರೆಆಫೀಸ್‌ನ ಆಟೋಕರೆಕ್ಟ್ ಪಟ್ಟಿಗೆ ಹಾಕಿದೆವು. ಈಗ ತಾನೇ ತಿದ್ದಿಕೊಳ್ಳುತ್ತೆ.

5. ಹಳೇ ಫೈಲುಗಳು

ಅಂಗಡಿಯ ನಿಜವಾದ ಆಸ್ತಿ ಇದು. ಹಳೇ ಗಿರಾಕಿ ಬಂದು "ಹೋದ ವರ್ಷದ್ದೇ, ತಾರೀಖು ಬದಲಿಸಿ ಸಾಕು" ಅಂತಾರೆ. ಆ ಫೈಲ್ ತೆರೆಯದಿದ್ದರೆ ಮಿಕ್ಕ ಪರೀಕ್ಷೆಗಳಿಗೆ ಅರ್ಥವೇ ಇಲ್ಲ.

ಪೇಜ್‌ಮೇಕರ್ ಫೈಲನ್ನು ಲಿಬ್ರೆಆಫೀಸ್ ಡ್ರಾ ಓದುತ್ತೆ. 2015ರ ಆವೃತ್ತಿಯಿಂದಲೇ ಆ ಸೌಲಭ್ಯ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಂದು ಬಿಲ್ ಬುಕ್ ಫೈಲ್ ತೆರೆದೆ. ಗೆರೆಗಳು ಬಂದವು, ಚೌಕಗಳು ಬಂದವು. ಅಕ್ಷರದ ಜಾಗದಲ್ಲಿ ಮಾತ್ರ ಕಸ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಇನ್ನೊಂದು ಗೆರೆ ಎ, ಜರ್ಮನ್ನರ ಎಸ್, ಕ್ಯೂ, ಮತ್ತೆ ಗೆರೆ ಎ.

ಇದು ಮಿಂಟ್‌ನ ತಪ್ಪಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಅದಕ್ಕೇ ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡ್ ಗುರುತು. ನುಡಿ ಫಾಂಟ್ ಫೈಲುಗಳನ್ನು ತಂದು ಮಿಂಟ್‌ಗೆ ಹಾಕಿದೆ. ಕನ್ನಡ ಬಂತು. ಆದರೆ ಸಾಲುಗಳ ಅಂತರ ಸರಿದಿತ್ತು, ಒಂದು ಲೋಗೋ ನಾಪತ್ತೆ. ನೋಡಲು ಸರಿ, ಹಾಗೇ ಪ್ರಿಂಟಿಗೆ ಕಳಿಸಲು ಆಗಲ್ಲ.

ಮುಂದೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ ಪೇಜ್‌ಮೇಕರನ್ನೇ ಮಿಂಟ್‌ನಲ್ಲಿ ಓಡಿಸಲು ನೋಡಿದೆ. ತೆರೆಯಿತು. ಆದರೆ ಒಳಗೆ ಕನ್ನಡ ಟೈಪ್ ಮಾಡಲು ಆಗಲಿಲ್ಲ. ಐಬಸ್ ಕೊಡುವುದು ಯೂನಿಕೋಡ್, ಪೇಜ್‌ಮೇಕರ್‌ಗೆ ಬೇಕಾದದ್ದು ಹಳೇ ಸಂಕೇತ. ಅರ್ಧ ದಿನ ಕೂತು ಕೈಬಿಟ್ಟೆ.

ಕೊನೆಗೆ ಕನ್ವರ್ಟರ್. ವಾರ್ಷಿಕ ವರದಿಯ ಪಠ್ಯವನ್ನು ಹಳೇ ಸಂಕೇತದಿಂದ ಯೂನಿಕೋಡ್‌ಗೆ ತಂದೆವು. ಹೆಚ್ಚಿನದ್ದು ಚೆನ್ನಾಗೇ ಬಂತು. ಕೆಟ್ಟದ್ದು ಎಲ್ಲಿ ಅಂತ ಹೇಳ್ತೀನಿ, ಬೇರೆಯವರಿಗೆ ಉಪಯೋಗಕ್ಕೆ ಬರಬಹುದು.

ಒಂದು, ಅರ್ಕಾವೊತ್ತು. ಹಳೇ ಸಂಕೇತದಲ್ಲಿ 'ಧರ್ಮ' ಅಂದರೆ ಧ, ಮ, ಆಮೇಲೆ ಅರ್ಕಾವೊತ್ತಿನ ಚೂರು, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಧ, ರ್, ಮ. ಕನ್ವರ್ಟರ್ ಆ ಚೂರನ್ನು ಹಿಂದಕ್ಕೆ ತಂದು ಕೂರಿಸಬೇಕು. ಸಾಮಾನ್ಯ ಪದಗಳಲ್ಲಿ ಸರಿಯಾಯಿತು. ಟೈಪ್ ಮಾಡುವಾಗ ನಡುವೆ ಸ್ಪೇಸ್ ಬಿದ್ದಿದ್ದ ಕಡೆ ಅರ್ಕಾವೊತ್ತು ಅನಾಥವಾಗಿ ನಿಂತಿತು.

ಎರಡು, ನಡುವೆ ಬರುವ ಇಂಗ್ಲಿಷ್. ಸಂಘದ ಜಿಎಸ್‌ಟಿ ನಂಬರಿನಲ್ಲಿ ಶುರುವಿನ 29 ಉಳಿಯಿತು, ಅದರ ಮುಂದಿನ ಇಂಗ್ಲಿಷ್ ಅಕ್ಷರಗಳೆಲ್ಲ ಕನ್ನಡದ ತುಂಡುಗಳಾದವು. ಸಿ ಇದ್ದಲ್ಲಿ ಅ, ಎ ಇದ್ದಲ್ಲಿ ಬರೀ ಅನುಸ್ವಾರದ ಸೊನ್ನೆ. ಇಮೇಲ್ ವಿಳಾಸದ್ದೂ ಅದೇ ಗತಿ. ಕನ್ವರ್ಟ್ ಮಾಡುವ ಮುಂಚೆಯೇ ಇಂಗ್ಲಿಷ್ ಭಾಗ ತೆಗೆದಿಟ್ಟು, ಆಮೇಲೆ ಮತ್ತೆ ಹಾಕುವುದೇ ಸುಲಭ.

ಮೂರು, ಅಂಕಿಗಳು. ನುಡಿಯಲ್ಲಿ ಒಂದೇ ಅಕ್ಷರವಿನ್ಯಾಸಕ್ಕೆ ಎರಡು ಫಾಂಟ್ ಇರುತ್ತವೆ. ಹೆಸರಿನ ಕೊನೆಗೆ 'ಇ' ಇದ್ದರೆ ಇಂಗ್ಲಿಷ್ ಅಂಕಿ, 'ಕೆ' ಇದ್ದರೆ ಕನ್ನಡ ಅಂಕಿ. ಒಳಗಿನ ಸಂಕೇತ ಎರಡಕ್ಕೂ ಒಂದೇ. ಹಾಗಾಗಿ ಕನ್ವರ್ಟ್ ಆದ ಮೇಲೆ ಕನ್ನಡ ಅಂಕಿ ಎಲ್ಲಿತ್ತು ಅಂತ ಗೊತ್ತೇ ಆಗಲ್ಲ. ಹಳೇ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು.

ಈ ಹಂತದ ತೀರ್ಪು: ಹಾಗೇ ಮರುಮುದ್ರಣ ಆಗುವ ಹಳೇ ಜಾಬ್‌ಗಳನ್ನು ಪೇಜ್‌ಮೇಕರ್‌ನಿಂದಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದು. ತಿದ್ದಬೇಕಾದದ್ದು ಲೇಔಟ್ ಸಿಸ್ಟಂನಲ್ಲೇ. ಹೊಸ ಜಾಬ್ ಮಾತ್ರ ಯೂನಿಕೋಡ್‌ನಲ್ಲಿ. ಅಂದರೆ ಈ ಪರೀಕ್ಷೆ ಅರ್ಧ ಫೇಲ್.

6. ಪ್ಲೇಟ್‌ವರೆಗೆ

ಪುಟ ಕಟ್ಟಲು ಸ್ಕ್ರೈಬಸ್ 1.6. ಹಳೇ 1.4ರಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತಿತ್ತು. ಆ ನೆನಪಿನಿಂದ ಇನ್ನೂ ದೂರ ಇರುವವರು ಇದನ್ನು ಒಂದು ಸಲ ನೋಡಿ, ಈಗ ಸರಿಯಾಗಿದೆ. ಅಕ್ಕ ಲಿಬ್ರೆಆಫೀಸ್‌ನಲ್ಲಿ ಟೈಪ್ ಮಾಡುತ್ತಾರೆ, ನಾನು ಆ ಫೈಲನ್ನು ಸ್ಕ್ರೈಬಸ್ ಫ್ರೇಮಿಗೆ ತರುತ್ತೇನೆ. ಫಾಂಟ್ ನೋಟೋ ಸಾನ್ಸ್ ಕನ್ನಡ. ಗುಬ್ಬಿ, ನವಿಲು ಫಾಂಟ್‌ಗಳೂ ಮಿಂಟ್‌ನ ಪ್ಯಾಕೇಜುಗಳಲ್ಲೇ ಸಿಗುತ್ತವೆ. ಆದರೆ ಪತ್ರಿಕೆಗೆ ಬೇಕಾದ ಬಳುಕುವ ಅಕ್ಷರಗಳ ವೈವಿಧ್ಯ ಹಳೇ ಫಾಂಟ್‌ಗಳಲ್ಲಿ ಇರುವಷ್ಟು ಇಲ್ಲ. ಮದುವೆ ಪತ್ರಿಕೆ ಗಿರಾಕಿಗೆ ಇದು ದೊಡ್ಡ ಕೊರತೆ.

ಎರಡು ಕಾಲಂ ಪುಟದಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಸಂದು ಬೀಳುತ್ತೆ. 'ಆಡಳಿತಮಂಡಳಿಯವರಿಗೆ' ಅಂತ ಒಂದು ಪದ ಬಂದರೆ ಸಾಕು, ಅದರ ಹಿಂದಿನ ಸಾಲು ಹಲ್ಲು ಬಿದ್ದ ಬಾಯಿ ಥರ. ಎಡ ಅಂಚು ಮಾತ್ರ ಸಮ ಮಾಡಿದೆವು, ಸಂಘದವರು ತಕರಾರು ಮಾಡಲಿಲ್ಲ.

ದೊಡ್ಡ ಏಟು ಬಿದ್ದದ್ದು ಟೇಬಲ್‌ಗಳಲ್ಲಿ. ಜಮಾ ಖರ್ಚಿನ ಪಟ್ಟಿಯನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮಾಡಿ, ಪಿಡಿಎಫ್ ತೆಗೆದು, ಸ್ಕ್ರೈಬಸ್‌ನಲ್ಲಿ ಕೂರಿಸಿದೆವು. ಸ್ಕ್ರೀನಿನಲ್ಲಿ ಅಚ್ಚುಕಟ್ಟು. ಪ್ಲೇಟಿಗೆ ಕಳಿಸುವ ಮುಂಚೆ ಒಂದೊಂದೇ ಇಂಕಿನ ಬಣ್ಣ ಬೇರೆ ಮಾಡಿ ತೋರಿಸುವ ಔಟ್‌ಪುಟ್ ಪ್ರಿವ್ಯೂ ತೆರೆದು ಕಪ್ಪನ್ನು ಆಫ್ ಮಾಡಿದೆ. ಅಂಕಿಗಳು ಮಾಯ ಆಗಬೇಕಿತ್ತು. ಆಗಲಿಲ್ಲ, ಮಾಸಲು ಕಂದು ಬಣ್ಣದಲ್ಲಿ ಹಾಗೇ ನಿಂತಿದ್ದವು. ಲಿಬ್ರೆಆಫೀಸ್ ಪಿಡಿಎಫ್‌ನಲ್ಲಿ ಬಣ್ಣ ಇರುವುದು ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಬಣ್ಣಗಳಲ್ಲಿ. ಅದರ ಕಪ್ಪು ಮುದ್ರಣದ ನಾಲ್ಕು ಇಂಕುಗಳ ಲೆಕ್ಕವಾದ ಸಿಎಂವೈಕೆಗೆ ಬರುವಾಗ ನಾಲ್ಕೂ ಬಣ್ಣ ಸೇರಿದ ಕಪ್ಪಾಯಿತು. 8 ಪಾಯಿಂಟ್ ಅಂಕಿ ನಾಲ್ಕು ಪ್ಲೇಟಿನಲ್ಲಿ ಬಿದ್ದರೆ ಮಿಷನ್‌ನಲ್ಲಿ ರಿಜಿಸ್ಟ್ರೇಶನ್ (ಬಣ್ಣದ ಮೇಲೆ ಬಣ್ಣ ಕೂರುವ ಜಾಗ) ಕೂದಲೆಳೆ ಸರಿದರೂ ಪ್ರತಿ ಅಂಕಿಗೂ ಬಣ್ಣದ ನೆರಳು. ಎಂಟು ಮೂರಾಗಿ ಕಾಣುತ್ತೆ. ಸಂಘದ ಲೆಕ್ಕದಲ್ಲಿ ಎಂಟು ಮೂರಾದರೆ ಮಹಾಸಭೆಯಲ್ಲಿ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಟೇಬಲ್‌ಗಳನ್ನೆಲ್ಲ ಸ್ಕ್ರೈಬಸ್‌ನಲ್ಲೇ ಟ್ಯಾಬ್ ಹಾಕಿ ಮತ್ತೆ ಕಟ್ಟಿದೆವು. ಬಣ್ಣ ಬರೀ ಬ್ಲ್ಯಾಕ್, ಮಿಕ್ಕ ಮೂರು ಸೊನ್ನೆ. ಬೇಜಾರಿನ ಕೆಲಸ. ಆದರೆ ಪೇಜ್‌ಮೇಕರ್‌ನಲ್ಲೂ ಟ್ಯಾಬ್ ಹಾಕಿಯೇ ಕಟ್ಟುತ್ತಿದ್ದೆವಲ್ಲ, ಸಮಯ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.

ಪಿಡಿಎಫ್ ತೆಗೆಯುವಾಗ ಮುದ್ರಣಕ್ಕೆಂದೇ ಇರುವ ಪಿಡಿಎಫ್ ಎಕ್ಸ್-1ಎ ಆರಿಸಿ, ಬ್ಲೀಡ್ 3 ಮಿ.ಮೀ. ಕೊಟ್ಟು, ಫಾಂಟ್‌ಗಳನ್ನು ಔಟ್‌ಲೈನ್ ಮಾಡಿಸಿದೆ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿದೆ. ಔಟ್‌ಲೈನ್ ಆದರೆ ಪ್ಲೇಟ್ ಮಾಡುವವರ ಹತ್ತಿರ ಯಾವ ಫಾಂಟ್ ಇದೆ, ಇಲ್ಲ ಅನ್ನುವ ಗಲಾಟೆಯೇ ಇಲ್ಲ. ಪೂರ್ತಿ ಜಾಬ್ ಕೊಡುವ ಮುಂಚೆ ಟೇಬಲ್ ಇರುವ ಪುಟಗಳದ್ದು ಕಪ್ಪು ಪ್ಲೇಟ್ ಒಂದನ್ನು ಮಾತ್ರ ತೆಗೆಸಿದೆ, ರೂ. 280. ಭೂತಗನ್ನಡಿ ಇಟ್ಟು ನೋಡಿದೆ. ಒತ್ತಕ್ಷರ, ಅರ್ಕಾವೊತ್ತು, ಅಂಕಿ ಎಲ್ಲ ಚೂಪಾಗಿದ್ದವು. ಪಾಸ್.

ಸ್ಕ್ರೈಬಸ್‌ನಲ್ಲಿ ಪುಟಗಳನ್ನು ಫಾರ್ಮ್ ಲೆಕ್ಕಕ್ಕೆ (ದೊಡ್ಡ ಹಾಳೆ ಮಡಚಿದಾಗ ಪುಟದ ಕ್ರಮ ಸರಿ ಬರುವಂತೆ) ಜೋಡಿಸುವ ವ್ಯವಸ್ಥೆ ಇಲ್ಲ. ನಮಗೆ ಅದನ್ನು ಪ್ಲೇಟ್ ಕಡೆಯವರೇ ಮಾಡಿಕೊಡುತ್ತಾರೆ. ನೀವೇ ಮಾಡುವವರಾದರೆ ಇದನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

7. ಪ್ರಿಂಟರ್, ಟೋಕನ್, ಟ್ಯಾಲಿ

ಸೆಕೆಂಡ್ ಹ್ಯಾಂಡ್ ನೆಟ್‌ವರ್ಕ್ ಲೇಸರ್ ಪ್ರಿಂಟರ್ ಒಂದು ಸಿಕ್ಕಿತು, ರೂ. 7,500. ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎರಡೂ ಬರುತ್ತೆ. ಕೇಬಲ್ ಸಿಕ್ಕಿಸಿದೆ, ಮಿಂಟ್ ತಾನೇ ಗುರುತು ಹಿಡಿಯಿತು. ಹೊಸದು ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಂತ ಇದೆಯಾ ನೋಡಿ. ಅಂಥವು ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೇ ಲಿನಕ್ಸ್‌ನಲ್ಲಿ ಓಡುತ್ತವೆ. ಹಳೇ ಪ್ರಿಂಟರ್ ಲೆಕ್ಕದ ಟೇಬಲ್‌ಗೆ ಹೋಯಿತು.

ಟ್ಯಾಲಿ ಇರುವುದು ವಿಂಡೋಸ್‌ಗೆ. ಟೋಕನ್‌ಗೆ ಲಿನಕ್ಸ್ ಡ್ರೈವರ್ ಹುಡುಕಬಹುದಿತ್ತು, ಹುಡುಕಲಿಲ್ಲ. ಟೆಂಡರಿನ ಕೊನೇ ದಿನ ಸಹಿ ಬೀಳದೇ ಇದ್ದರೆ ಯಾರಿಗೆ ಹೇಳೋಣ? ಲೆಕ್ಕದ ಸಿಸ್ಟಂಗೆ ವಿಂಡೋಸ್ 11 ಹಾಕಿದೆ. ಬಯಾಸ್‌ನಲ್ಲಿ (ಬೂಟ್ ಆಗುವ ಮೊದಲಿನ ಸೆಟ್ಟಿಂಗ್) ಇಂಟೆಲ್‌ನ ಒಳಗಿನ ಟಿಪಿಎಂ ಆದ ಪಿಟಿಟಿ ಆನ್ ಮಾಡಿದ ಮೇಲೆ ಟಿಪಿಎಂ ಕಂಡಿತು, ಅಪ್‌ಗ್ರೇಡ್ ಸಲೀಸಾಗಿ ಆಯಿತು.

8. ಕೆಡಿಸಿ ನೋಡಿದ್ದು

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಅಂತ ಇದೆ. ಸಿಸ್ಟಂ ಈಗ ಹೇಗಿದೆಯೋ ಹಾಗೇ ಉಳಿಸಿಡುತ್ತೆ. ಸ್ನ್ಯಾಪ್‌ಶಾಟ್ ತೆಗೆದು, ಬೇಕಂತಲೇ ಐಬಸ್ ಮತ್ತು ಪ್ರಿಂಟಿಂಗ್ ಪ್ಯಾಕೇಜ್ ಕಿತ್ತುಹಾಕಿದೆ. ಕನ್ನಡವೂ ಇಲ್ಲ, ಪ್ರಿಂಟೂ ಇಲ್ಲ. ಹಿಂದಿನ ಸ್ನ್ಯಾಪ್‌ಶಾಟಿಗೆ ವಾಪಸ್ ಹೋದೆ. ಟೀ ಕುಡಿದು ಬರುವಷ್ಟರಲ್ಲಿ ಮೊದಲಿನಂತೆ ಆಗಿತ್ತು.

ಆದರೆ ಒಂದು ವಿಷಯ ಗಮನಿಸಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಟೈಮ್‌ಶಿಫ್ಟ್ ನಿಮ್ಮ ಫೈಲುಗಳನ್ನು ಉಳಿಸಲ್ಲ, ಹೋಮ್ ಫೋಲ್ಡರ್ ಅದರಲ್ಲಿ ಸೇರಿರಲ್ಲ. ಅದು ಸಿಸ್ಟಂಗೆ ಮಾತ್ರ. ಗಿರಾಕಿಗಳ ಜಾಬ್‌ಗೆ ಬೇರೆ ಬ್ಯಾಕಪ್ ಬೇಕೇ ಬೇಕು. ನಮ್ಮಲ್ಲಿ ಸಂಜೆ ಶಟರ್ ಎಳೆಯುವ ಮುಂಚೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗುತ್ತೆ. ಅಪ್ಡೇಟ್ ಹಾಕುವುದು ದೊಡ್ಡ ಜಾಬ್ ಡೆಲಿವರಿ ಆದ ಮಾರನೇ ದಿನ, ನಡುವೆ ಅಲ್ಲ.

9. ಯಾವುದು ಎಲ್ಲಿ

ಮುಂದಿನ ಟೇಬಲ್: ಮಿಂಟ್, ಖಾಯಂ. ಎಸ್‌ಎಸ್‌ಡಿ ಬಿದ್ದ ಮೇಲೆ ಅದರ ವೇಗ ನೋಡಿ ಲೆಕ್ಕದ ಹುಡುಗನಿಗೆ ಹೊಟ್ಟೆಕಿಚ್ಚು.

ಲೆಕ್ಕದ ಸಿಸ್ಟಂ: ವಿಂಡೋಸ್ 11.

ಲೇಔಟ್ ಸಿಸ್ಟಂ: ವಿಂಡೋಸ್ 10ರಲ್ಲೇ, ನೆಟ್ ಕೇಬಲ್ ಕಿತ್ತು. 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸೆಕ್ಯುರಿಟಿ ಅಪ್ಡೇಟ್ ಸಿಗುವ ಯೋಜನೆ ಇದೆ. ನೆಟ್ಟೇ ಇಲ್ಲದ ಸಿಸ್ಟಂಗೆ ಅದು ಯಾಕೆ ಅಂತ ಬಿಟ್ಟೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ನಮ್ಮ ಹತ್ತಿರ ಇರುವ ಕೆಲವು ಹಳೇ ಫಾಂಟ್ ಸಿಡಿಗಳ ಇನ್‌ಸ್ಟಾಲರ್ 16 ಬಿಟ್ಟಿನವು, 64 ಬಿಟ್ ವಿಂಡೋಸ್‌ನಲ್ಲಿ ಅವು ಓಡಲ್ಲ. ಹಾಗಾಗಿ ಈ ಸಿಸ್ಟಂ ಹೀಗೇ ಇರಬೇಕು. ಗಿರಾಕಿಯ ಪೆನ್‌ಡ್ರೈವ್ ಮೊದಲು ಮಿಂಟ್‌ಗೆ ಹೋಗುತ್ತೆ. ಅಲ್ಲಿ ಬೇಕಾದ ಫೈಲ್ ಮಾತ್ರ ನಮ್ಮದೇ ಪೆನ್‌ಡ್ರೈವ್‌ಗೆ ಹಾಕಿ ಲೇಔಟ್‌ಗೆ ತರುತ್ತೇವೆ.

ಒಟ್ಟು ಖರ್ಚು ರೂ. 9,830. ಅದರಲ್ಲಿ ಪ್ರಿಂಟರಿನದ್ದೇ ಸಿಂಹಪಾಲು.

ಬಾಕಿ ಉಳಿದಿರುವುದು ಕೋರೆಲ್ ಫೈಲುಗಳು. ಕೋರೆಲ್ ಕಂಪನಿ 2000ದಲ್ಲಿ ಲಿನಕ್ಸ್‌ಗೂ ಕೋರೆಲ್‌ಡ್ರಾ 9 ಬಿಟ್ಟಿತ್ತು, ಅದು ಮುಂದುವರಿದಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಹೊರಗಿನ ಡಿಸೈನರ್‌ಗಳು ತರುವುದು ಹೆಚ್ಚಾಗಿ ಕೋರೆಲ್ ಫೈಲೇ. ಕರ್ವ್ ಮಾಡಿದ (ಅಕ್ಷರಗಳನ್ನು ಔಟ್‌ಲೈನ್ ಮಾಡಿದ) ಪಿಡಿಎಫ್ ಕೊಡಿ ಅಂತ ಕೌಂಟರ್ ಮೇಲೆ ಚೀಟಿ ಅಂಟಿಸಿದ್ದೇವೆ. ಕೆಲವರು ಕೊಡುತ್ತಾರೆ. ಮಿಕ್ಕವರು ಚೀಟಿ ಓದಿ, "ಅದೆಲ್ಲ ನೀವೇ ಮಾಡ್ಕೊಳ್ಳಿ ಅಣ್ಣ" ಅಂತ ಫೈಲ್ ವಾಟ್ಸಾಪ್ ಮಾಡಿ ಹೋಗುತ್ತಾರೆ.